ಜೆಫ್ ಬಕ್ಲಿ

ಜೆಫ್ರಿ ಸ್ಕಾಟ್ ಬಕ್ಲಿ (ನವೆಂಬರ್ 17, 1966 – ಮೇ 29, 1997) ಅಮೆರಿಕದ ಗಾಯಕ, ಗೀತರಚನಕಾರ ಹಾಗೂ ಗಿಟಾರ್ ವಾದಕರು. 1990ರ ದಶಕದ ಆಲ್ಟರ್ನೇಟಿವ್ ರಾಕ್ ಸಂಗೀತದ ಪ್ರಮುಖ ಧ್ವನಿಗಳಲ್ಲಿ ಒಬ್ಬರೆಂದು ಇವರನ್ನು ಪರಿಗಣಿಸಲಾಗುತ್ತದೆ. ಜೀವಿತಾವಧಿಯಲ್ಲಿ ಇವರು ಪೂರ್ಣಗೊಳಿಸಿ ಹೊರತಂದ ಸ್ಟುಡಿಯೋ ಆಲ್ಬಮ್ ಒಂದೇ ಒಂದು. 1994ರ ಆಗಸ್ಟ್ 23ರಂದು ಬಿಡುಗಡೆಯಾದ ಆ ಆಲ್ಬಮ್‌ನ ಹೆಸರು ‘ಗ್ರೇಸ್’. ಅಮೆರಿಕದ ಪ್ರಮುಖ ಆಲ್ಬಮ್ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ ಅದು ಆ ಕಾಲದಲ್ಲಿ 149ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಬಕ್ಲಿ ತಮ್ಮ ಮೂವತ್ತನೇ ವಯಸ್ಸಿನಲ್ಲಿ ಮೆಂಫಿಸ್ ನಗರದಲ್ಲಿ ನೀರಿನಲ್ಲಿ ಮುಳುಗಿ ಮೃತಪಟ್ಟರು. ಅನಂತರದ ವರ್ಷಗಳಲ್ಲಿ ‘ಗ್ರೇಸ್’ ನಿಧಾನವಾಗಿ, ಆದರೆ ನಿಲ್ಲದೆ ಮಾರಾಟವಾಗುತ್ತ ಹೋಯಿತು. ಅದರಲ್ಲಿನ ‘ಹ್ಯಾಲೆಲೂಯ’ ಹಾಡು ಅವರ ಮರಣದ 11 ವರ್ಷಗಳ ಬಳಿಕ ಅಮೆರಿಕದ ಡಿಜಿಟಲ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೂ ಏರಿತು.

ಜನನ ಮತ್ತು ಬಾಲ್ಯ

ಬಕ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್‌ನಲ್ಲಿ ಜನಿಸಿದರು. ತಾಯಿ ಮೇರಿ ಗೀಬರ್ಟ್ ಪನಾಮಾ ಕಾಲುವೆ ವಲಯದಲ್ಲಿ ಹುಟ್ಟಿದವರು; ಪಿಯಾನೋ ಮತ್ತು ಚೆಲ್ಲೋ ವಾದ್ಯಗಳಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದಿದ್ದರು. ತಂದೆ ಟಿಮ್ ಬಕ್ಲಿ ಜಾನಪದ ಮತ್ತು ಜಾಜ್ ಶೈಲಿಗಳನ್ನು ಬೆರೆಸಿ ಹಾಡುತ್ತಿದ್ದ, 1960ರ ದಶಕದ ಕೊನೆಯಲ್ಲಿ ಹೆಸರಾದ ಗಾಯಕ. ಮಗ ಹುಟ್ಟುವ ಮೊದಲೇ ದಂಪತಿ ಬೇರೆಯಾಗಿದ್ದರು. ಈ ಬೇರ್ಪಡೆಯನ್ನೂ ತಾಯಿ-ಮಗುವನ್ನೂ ಕುರಿತು ಟಿಮ್ ಬಕ್ಲಿ ಬರೆದ ‘ಐ ನೆವರ್ ಆಸ್ಕ್ಡ್ ಟು ಬಿ ಯುವರ್ ಮೌಂಟನ್’ ಎಂಬ ಹಾಡು 1967ರ ‘ಗುಡ್‌ಬೈ ಅಂಡ್ ಹಲೋ’ ಆಲ್ಬಮ್‌ನಲ್ಲಿದೆ. ಕಾಲು ಶತಮಾನದ ನಂತರ ಇದೇ ಹಾಡು ಮಗನ ಜೀವನಕ್ಕೆ ತಿರುವು ನೀಡಿತು.

ಬಾಲ್ಯದಲ್ಲಿ ಅವರು ಜೆಫ್ ಆಗಿರಲಿಲ್ಲ, ಬಕ್ಲಿಯೂ ಆಗಿರಲಿಲ್ಲ. ಮಲತಂದೆ ರಾನ್ ಮೂರ್‌ಹೆಡ್ ಅವರ ಕುಲನಾಮದೊಂದಿಗೆ ಸ್ಕಾಟಿ ಮೂರ್‌ಹೆಡ್ ಎಂದೇ ಅವರನ್ನು ಎಲ್ಲರೂ ಕರೆಯುತ್ತಿದ್ದರು. ಕುಟುಂಬವು ಆರೆಂಜ್ ಕೌಂಟಿಯ ಸುತ್ತಮುತ್ತ ಮನೆಯಿಂದ ಮನೆಗೆ ಬದಲಾಯಿಸುತ್ತಿತ್ತು. ಅಜ್ಜಿಯ ಮನೆಯ ಕಪಾಟಿನಲ್ಲಿ ಸಿಕ್ಕ ಅಕೂಸ್ಟಿಕ್ ಗಿಟಾರ್ ಅವರ ಮೊದಲ ವಾದ್ಯ. ಮಲತಂದೆ ಕೊಡಿಸಿದ ಲೆಡ್ ಜೆಪ್ಲಿನ್ ತಂಡದ ‘ಫಿಸಿಕಲ್ ಗ್ರಾಫಿಟಿ’ ಅವರು ಸ್ವಂತವಾಗಿ ಹೊಂದಿದ ಮೊದಲ ಆಲ್ಬಮ್. ಆ ತಂಡದ ಮೇಲಿನ ಪ್ರೀತಿ ಕೊನೆಯವರೆಗೂ ಉಳಿಯಿತು.

ನೆನಪಿನಲ್ಲಿ ಉಳಿಯುವ ವಯಸ್ಸಿನಲ್ಲಿ ಅವರು ತಂದೆಯನ್ನು ಕಂಡದ್ದು ಒಂದೇ ಸಲ. ಎಂಟು ವರ್ಷದವರಿದ್ದಾಗ, 1975ರ ಈಸ್ಟರ್ ರಜೆಯ ಕೆಲವು ದಿನಗಳನ್ನು ಟಿಮ್ ಬಕ್ಲಿಯವರ ಮನೆಯಲ್ಲಿ ಕಳೆದರು. ಅದೇ ವರ್ಷದ ಜೂನ್ 29ರಂದು ಟಿಮ್ ಬಕ್ಲಿ ಮಾದಕ ದ್ರವ್ಯದ ಅತಿಸೇವನೆಯಿಂದ 28ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಬಾಲಕನಿಗೆ ಆಹ್ವಾನವಿರಲಿಲ್ಲ. ಇದಾದ ಮೇಲೆ ಅವರು ಜನನ ಪತ್ರದಲ್ಲಿದ್ದ ಜೆಫ್ ಬಕ್ಲಿ ಎಂಬ ಹೆಸರನ್ನೇ ಬಳಸತೊಡಗಿದರು. ಕುಟುಂಬದವರಿಗೆ ಮಾತ್ರ ಸ್ಕಾಟಿಯಾಗಿಯೇ ಉಳಿದರು. ತಂದೆಯ ಹೆಸರನ್ನು ತಾವಾಗಿ ಆರಿಸಿಕೊಂಡ ಈ ಮಗ, ವೃತ್ತಿಜೀವನದ ಉದ್ದಕ್ಕೂ ಆ ಹೆಸರಿನ ಮೇಲೆ ಕಟ್ಟಿದ ಹೋಲಿಕೆಗಳನ್ನು ವಿರೋಧಿಸುತ್ತಲೇ ಬಂದರು.

ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ

1984ರಲ್ಲಿ ಪ್ರೌಢಶಾಲಾ ಶಿಕ್ಷಣ ಮುಗಿಸಿದ ಬಕ್ಲಿ ಹಾಲಿವುಡ್‌ಗೆ ತೆರಳಿ ಅಲ್ಲಿನ ಮ್ಯೂಸಿಷಿಯನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷದ ಗಿಟಾರ್ ಶಿಕ್ಷಣ ಪಡೆದರು. ಮುಂದಿನ ಆರು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ಜಾಜ್, ರೆಗೇ, ಹೆವಿ ಮೆಟಲ್ ಹೀಗೆ ಸಿಕ್ಕ ತಂಡಗಳಲ್ಲೆಲ್ಲ ಗಿಟಾರ್ ನುಡಿಸಿದರು. ಹಾಡುವುದು ಹಿಮ್ಮೇಳದಲ್ಲಿ ಮಾತ್ರ ಇತ್ತು. ಮುಂದೆ ಕಂಠದಿಂದಲೇ ಹೆಸರಾದ ವ್ಯಕ್ತಿ ಇಷ್ಟು ಕಾಲ ಮುಂದೆ ನಿಂತು ಹಾಡದೆ ಇದ್ದುದಕ್ಕೆ, ಟಿಮ್ ಬಕ್ಲಿಯ ಧ್ವನಿಯೊಂದಿಗೆ ತಮ್ಮ ಧ್ವನಿಗಿದ್ದ ಸಾಮ್ಯವೂ ಒಂದು ಕಾರಣವಾಗಿದ್ದಿರಬಹುದು.

1990ರ ಫೆಬ್ರವರಿಯಲ್ಲಿ ಅವರು ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ಅವಕಾಶಗಳು ಸಿಗಲಿಲ್ಲ. ಆದರೆ ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರ ಧ್ವನಿಮುದ್ರಣಗಳು ಕಿವಿಗೆ ಬಿದ್ದವು. ಬಕ್ಲಿ ಅವುಗಳಿಗೆ ಸಂಪೂರ್ಣವಾಗಿ ಮಾರುಹೋದರು. ಉರ್ದು ಭಾಷೆ ಬಾರದಿದ್ದರೂ ಪದಗಳ ಉಚ್ಚಾರವನ್ನು ಕೇಳಿ ಕಲಿತು ಅವರ ಹಾಡುಗಳನ್ನು ವೇದಿಕೆಯ ಮೇಲೆ ಹಾಡುತ್ತಿದ್ದರು. 1996ರಲ್ಲಿ ಅಮೆರಿಕದ ‘ಇಂಟರ್‌ವ್ಯೂ’ ನಿಯತಕಾಲಿಕಕ್ಕಾಗಿ ನುಸ್ರತ್ ಅವರನ್ನು ಸ್ವತಃ ಸಂದರ್ಶಿಸಿದರು. ಅವರ ಹಾಡುಗಳ ಒಂದು ಸಂಕಲನಕ್ಕೆ ಪರಿಚಯ ಲೇಖನವನ್ನೂ ಬರೆದುಕೊಟ್ಟರು. ಆ ಸಂಕಲನ ಹೊರಬಂದ 1997ರ ಆಗಸ್ಟ್ ವೇಳೆಗೆ ಬಕ್ಲಿ ಬದುಕಿರಲಿಲ್ಲ. ಅದೇ ತಿಂಗಳ 16ರಂದು ನುಸ್ರತ್ ಸಹ ನಿಧನರಾದರು.

1990ರ ಸೆಪ್ಟೆಂಬರ್‌ನಲ್ಲಿ ಬಕ್ಲಿ ಲಾಸ್ ಏಂಜಲೀಸ್‌ಗೆ ಮರಳಿದರು. ತಂದೆಯ ಹಿಂದಿನ ವ್ಯವಸ್ಥಾಪಕ ಹರ್ಬ್ ಕೊಹೆನ್ ಅವರ ನೆರವಿನಿಂದ ಸ್ವಂತ ಹಾಡುಗಳ ಮಾದರಿ ಕ್ಯಾಸೆಟ್ ಒಂದನ್ನು ಸಿದ್ಧಪಡಿಸಿದರು.

1991ರ ಏಪ್ರಿಲ್ 26ರಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಸೇಂಟ್ ಆ್ಯನ್ಸ್ ಚರ್ಚ್‌ನಲ್ಲಿ ನಿರ್ಮಾಪಕ ಹ್ಯಾಲ್ ವಿಲ್ನರ್ ಅವರು ಟಿಮ್ ಬಕ್ಲಿ ಸ್ಮರಣಾರ್ಥ ಸಂಗೀತ ಕಾರ್ಯಕ್ರಮವನ್ನು ಏರ್ಪಡಿಸಿದರು. ಮಗ ಅದರಲ್ಲಿ ಭಾಗವಹಿಸಲು ಒಪ್ಪಿದರು. ವೃತ್ತಿಯ ಮೆಟ್ಟಿಲಾಗಿ ಅಲ್ಲ, ಅಂತ್ಯಕ್ರಿಯೆಗೆ ಹೋಗಲಾಗದ ತಾವು ತಂದೆಗೆ ಸಲ್ಲಿಸಬೇಕಾದ ಕೊನೆಯ ಗೌರವವಾಗಿ ಅದನ್ನು ಅವರು ಕಂಡಿದ್ದರು. ಗಿಟಾರ್ ವಾದಕ ಗ್ಯಾರಿ ಲೂಕಸ್ ಅವರೊಡನೆ ಅವರು ಹಾಡಿದ್ದು ತಮ್ಮನ್ನೂ ತಾಯಿಯನ್ನೂ ಕುರಿತ ಆ 1967ರ ಹಾಡನ್ನೇ. ಕೊನೆಯ ಹಾಡಿನ ನಡುವೆ ಗಿಟಾರ್‌ನ ತಂತಿ ಕಡಿಯಿತು. ಉಳಿದ ಭಾಗವನ್ನು ವಾದ್ಯವಿಲ್ಲದೆ ಹಾಡಿ ಮುಗಿಸಿದರು. ತಂದೆಯಿಂದ ದೂರ ಉಳಿಯಬೇಕೆಂದಿದ್ದ ಗಾಯಕ ನ್ಯೂಯಾರ್ಕ್‌ನ ಸಂಗೀತ ವಲಯಕ್ಕೆ ಪರಿಚಯವಾದದ್ದು ತಂದೆಯ ಹಾಡುಗಳಿಂದ. ಅದು ಅವರಿಗೆ ಇಷ್ಟವಾಗದಿದ್ದರೂ ತಪ್ಪಿಸಲಾಗಲಿಲ್ಲ.

ಮುಂದೆ ಕೆಲಕಾಲ ಅವರು ಲೂಕಸ್ ಅವರ ‘ಗಾಡ್ಸ್ ಅಂಡ್ ಮಾನ್‌ಸ್ಟರ್ಸ್’ ತಂಡದಲ್ಲಿ ಹಾಡಿದರು. ಲೂಕಸ್ ರಚಿಸಿದ್ದ ಎರಡು ಗಿಟಾರ್ ಕೃತಿಗಳಿಗೆ ಬಕ್ಲಿ ಸಾಹಿತ್ಯ ಮತ್ತು ಗಾಯನವನ್ನು ಜೋಡಿಸಿದಾಗ ‘ಗ್ರೇಸ್’ ಹಾಗೂ ‘ಮೋಜೋ ಪಿನ್’ ಹಾಡುಗಳು ರೂಪುಗೊಂಡವು. 1992ರ ಮಾರ್ಚ್‌ನಲ್ಲಿ ಅವರು ತಂಡವನ್ನು ಬಿಟ್ಟರು.

ಶಿನ್-ಏ ಕೆಫೆ

ಮ್ಯಾನ್‌ಹಟನ್‌ನ ಈಸ್ಟ್ ವಿಲೇಜ್ ಬಡಾವಣೆಯ ಸೇಂಟ್ ಮಾರ್ಕ್ಸ್ ಪ್ಲೇಸ್‌ನಲ್ಲಿ ಶಿನ್-ಏ ಎಂಬ ಸಣ್ಣ ಕೆಫೆ ಇತ್ತು. 1992ರ ಏಪ್ರಿಲ್‌ನಿಂದ ಬಕ್ಲಿ ಅಲ್ಲಿ ಸೋಮವಾರ ರಾತ್ರಿಗಳಲ್ಲಿ ಒಬ್ಬರೇ, ಒಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡತೊಡಗಿದರು. ಸ್ವಂತ ಹಾಡುಗಳು ಕಡಿಮೆಯಿದ್ದವು. ನೀನಾ ಸಿಮೋನ್, ಬಿಲ್ಲಿ ಹಾಲಿಡೇ, ಎಡಿತ್ ಪಿಯಾಫ್, ವ್ಯಾನ್ ಮಾರಿಸನ್, ಲೆಡ್ ಜೆಪ್ಲಿನ್, ಬಾಬ್ ಡಿಲನ್, ನುಸ್ರತ್ ಹೀಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಕಲಾವಿದರ ಹಾಡುಗಳನ್ನು ಒಂದೇ ರಾತ್ರಿಯಲ್ಲಿ ಹಾಡುತ್ತಿದ್ದರು. ಗಾಯಕರಾಗಿ ಅವರ ನಿಜವಾದ ಶಿಕ್ಷಣ ನಡೆದದ್ದು ಇಲ್ಲಿಯೇ. ತಿಂಗಳುಗಳು ಕಳೆದಂತೆ ಕೆಫೆಯ ಮುಂದೆ ಧ್ವನಿಮುದ್ರಣ ಕಂಪನಿಗಳ ಅಧಿಕಾರಿಗಳ ಕಾರುಗಳು ಸಾಲುಗಟ್ಟತೊಡಗಿದವು. 1992ರ ಅಕ್ಟೋಬರ್‌ನಲ್ಲಿ ಬಕ್ಲಿ ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಡಿಲನ್, ಲಿಯೊನಾರ್ಡ್ ಕೋಹೆನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಆಲ್ಬಮ್‌ಗಳನ್ನು ಹೊರತಂದ ಸಂಸ್ಥೆ ಅದು. ಕೆಫೆಯಲ್ಲಿ ಧ್ವನಿಮುದ್ರಿಸಿದ ನಾಲ್ಕು ಹಾಡುಗಳ ‘ಲೈವ್ ಅಟ್ ಶಿನ್-ಏ’ 1993ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಆ ರಾತ್ರಿಗಳ ವಿಸ್ತಾರ ತಿಳಿಯಬೇಕಾದರೆ ಕವ್ವಾಲಿಯನ್ನೂ ಒಳಗೊಂಡ 2003ರ ವಿಸ್ತೃತ ಆವೃತ್ತಿಯನ್ನೇ ಕೇಳಬೇಕು.

‘ಗ್ರೇಸ್’ ಆಲ್ಬಮ್

ಆ ದಿನಗಳಲ್ಲಿ ಆಲ್ಟರ್ನೇಟಿವ್ ರಾಕ್ ಅಮೆರಿಕದ ಸಂಗೀತ ವ್ಯಾಪಾರದ ಕೇಂದ್ರಕ್ಕೆ ಬಂದಿತ್ತು. 1992ರ ಜನವರಿಯಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’, ಮೈಕೆಲ್ ಜಾಕ್ಸನ್ ಅವರ ‘ಡೇಂಜರಸ್’ ಆಲ್ಬಮ್ಅನ್ನು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಿಂದ ಕೆಳಗಿಳಿಸಿತ್ತು. ‘ನೆವರ್‌ಮೈಂಡ್’ನ ಧ್ವನಿಮಿಶ್ರಣ ಮಾಡಿದ್ದ ಆ್ಯಂಡಿ ವಾಲೇಸ್ ಅವರೇ ಬಕ್ಲಿಯ ಆಲ್ಬಮ್‌ಗೆ ನಿರ್ಮಾಪಕರಾದರು. ಆದರೆ ಸಿದ್ಧವಾದ ಆಲ್ಬಮ್‌ಗೂ ಕರ್ಕಶ ಗಿಟಾರ್, ಸಿಟ್ಟಿನ ಗಾಯನಗಳ ಅಂದಿನ ರೂಢಿಗೂ ಹೋಲಿಕೆ ಅಲ್ಪ.

ಧ್ವನಿಮುದ್ರಣ 1993ರ ಶರತ್ಕಾಲದಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಸಮೀಪದ ಬೇರ್ಸ್‌ವಿಲ್ ಸ್ಟುಡಿಯೋದಲ್ಲಿ ಆರಂಭವಾಯಿತು. ಬಾಸ್ ಗಿಟಾರ್‌ಗೆ ಮಿಕ್ ಗ್ರಾಂಡಾಲ್, ಡ್ರಮ್ಸ್‌ಗೆ ಮ್ಯಾಟ್ ಜಾನ್ಸನ್ ಇದ್ದರು. ಇಬ್ಬರೂ ತಂಡಕ್ಕೆ ಸೇರಿ ಕೆಲವು ವಾರಗಳಷ್ಟೇ ಆಗಿತ್ತು. ತಂತಿವಾದ್ಯಗಳ ಸಂಯೋಜನೆಯನ್ನು ಕಾರ್ಲ್ ಬರ್ಗರ್ ಮಾಡಿದರು. ಗಿಟಾರ್ ವಾದಕ ಮೈಕೆಲ್ ಟೈ ಆಮೇಲೆ ಸೇರಿಕೊಂಡರು. ಟೈ ಅವರೊಡನೆ ರಚಿಸಿದ ‘ಸೋ ರಿಯಲ್’ ಹಾಡು ಕೊನೆಯ ಹಂತದಲ್ಲಿ ‘ಫರ್ಗೆಟ್ ಹರ್’ ಎಂಬ ಹಾಡಿನ ಸ್ಥಾನವನ್ನು ಪಡೆಯಿತು. ‘ಫರ್ಗೆಟ್ ಹರ್’ ಜನಪ್ರಿಯವಾಗಬಲ್ಲದೆಂದು ಸಂಸ್ಥೆ ನಂಬಿತ್ತು; ಬಕ್ಲಿ ಅದನ್ನು ಬಿಡಲೇಬೇಕೆಂದು ಹಟ ಹಿಡಿದರು. ಆ ಹಾಡು ಆಲ್ಬಮ್‌ನ ಭಾಗವಾಗಿ ಹೊರಬಂದದ್ದು 2004ರ ವಿಶೇಷ ಆವೃತ್ತಿಯಲ್ಲಿ.

ಆಲ್ಬಮ್‌ನಲ್ಲಿರುವ 10 ಹಾಡುಗಳಲ್ಲಿ ಮೂರು ಬೇರೆಯವರ ರಚನೆಗಳು. ನೀನಾ ಸಿಮೋನ್ ಹಾಡಿದ ರೀತಿಯನ್ನು ಅನುಸರಿಸಿದ ‘ಲೈಲಾಕ್ ವೈನ್’ ಮೊದಲನೆಯದು. ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಸ್ವರ ಹಾಕಿದ ಮಧ್ಯಯುಗದ ಪದ್ಯ ‘ಕಾರ್ಪಸ್ ಕ್ರಿಸ್ಟಿ ಕ್ಯಾರಲ್’ ಎರಡನೆಯದು. ರಾಕ್ ಆಲ್ಬಮ್ ಒಂದರಲ್ಲಿ ಇಂಥ ಆಯ್ಕೆ ಅಂದಿಗೂ ಇಂದಿಗೂ ಅಪರೂಪ. ಮೂರನೆಯದು ‘ಹ್ಯಾಲೆಲೂಯ’. ಉಳಿದವುಗಳಲ್ಲಿ ‘ಲಾಸ್ಟ್ ಗುಡ್‌ಬೈ’ ಮತ್ತು ‘ಲವರ್, ಯು ಶುಡ್‌ವ್ ಕಮ್ ಓವರ್’ ಹೆಚ್ಚು ಪ್ರಸಿದ್ಧವಾದವು. ಮೊದಲ ಹಾಡಾದ ‘ಮೋಜೋ ಪಿನ್’ನ ಆರಂಭದಲ್ಲಿ ಪದಗಳಿಲ್ಲದೆ ಸಾಗುವ ಕಂಠ, ಭಾರತೀಯ ಸಂಗೀತ ಕೇಳಿ ಬಲ್ಲವರಿಗೆ ಆಲಾಪವನ್ನು ನೆನಪಿಸುತ್ತದೆ. ಕೊನೆಯ ಹಾಡು ‘ಡ್ರೀಮ್ ಬ್ರದರ್’ನಲ್ಲಿ ಮೀಶಾ ಮಸೂದ್ ಅವರ ತಬಲಾ ವಾದನವಿದೆ. ಗರ್ಭಿಣಿ ಸಂಗಾತಿಯನ್ನು ತೊರೆಯುವ ಯೋಚನೆಯಲ್ಲಿದ್ದ ಸಂಗೀತಗಾರ ಗೆಳೆಯನೊಬ್ಬನಿಗೆ, ತನ್ನ ತಂದೆ ಮಾಡಿದಂತೆ ಮಾಡಬೇಡವೆಂದು ಹೇಳುವ ಹಾಡು ಅದು. ಬಿಟ್ಟುಹೋದ ತಂದೆಯ ಬಗ್ಗೆ ಬಕ್ಲಿ ತಮ್ಮ ಹಾಡುಗಳಲ್ಲಿ ನೇರವಾಗಿ ಮಾತನಾಡಿದ್ದು ವಿರಳ, ಇಲ್ಲಿ ಮಾತನಾಡಿದ್ದಾರೆ.

‘ಹ್ಯಾಲೆಲೂಯ’ದ ಕಥೆ ಆಲ್ಬಮ್‌ನ ಕಥೆಗಿಂತ ವಿಚಿತ್ರವಾದುದು. ಕೆನಡಾದ ಕವಿ-ಗಾಯಕ ಲಿಯೊನಾರ್ಡ್ ಕೋಹೆನ್ ಅದನ್ನು 1984ರ ‘ವೇರಿಯಸ್ ಪೊಸಿಷನ್ಸ್’ ಆಲ್ಬಮ್‌ಗಾಗಿ ಹಾಡಿದ್ದರು. ಆ ಆಲ್ಬಮ್ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಕೊಲಂಬಿಯಾ ಸಂಸ್ಥೆ ನಿರಾಕರಿಸಿತ್ತು. ಅಲ್ಲಿ ಅದನ್ನು ಹೊರತಂದದ್ದು ಒಂದು ಸಣ್ಣ ಸಂಸ್ಥೆ. ಹಾಡು ಹೆಚ್ಚುಕಡಿಮೆ ಮರೆತುಹೋಗಿದ್ದಾಗ, ಕೋಹೆನ್ ಬರೆದಿಟ್ಟಿದ್ದ ಅನೇಕ ಚರಣಗಳಿಂದ ಕೆಲವನ್ನು ಆರಿಸಿಕೊಂಡು ಜಾನ್ ಕೇಲ್ ಅವರು 1991ರಲ್ಲಿ ಪಿಯಾನೋ ಜೊತೆ ಹಾಡಿದರು. ಬಕ್ಲಿ ಕೇಳಿ ಕಲಿತದ್ದು ಕೇಲ್ ಅವರ ರೂಪವನ್ನು. ಪಿಯಾನೋ ಬದಲು ಒಂಟಿ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡು, ಸುಮಾರು ಏಳು ನಿಮಿಷಗಳ ಕಾಲ ಸಾಗುವಂತೆ ಅವರು ಅದನ್ನು ನಿಧಾನಗೊಳಿಸಿದರು. ಹಲವು ಬಾರಿ ಹಾಡಿ ಮುದ್ರಿಸಿದ ಭಾಗಗಳನ್ನು ವಾಲೇಸ್ ಜೋಡಿಸಿದರು. ಹೀಗೆ, ಒಂದು ಕಾಲದಲ್ಲಿ ತಾನೇ ತಿರಸ್ಕರಿಸಿದ್ದ ಹಾಡನ್ನು ಕೊಲಂಬಿಯಾ ಸಂಸ್ಥೆ ಹತ್ತು ವರ್ಷಗಳ ನಂತರ ಬೇರೊಂದು ಕಂಠದಲ್ಲಿ ಮಾರಿತು.

ಬಿಡುಗಡೆಯ ನಂತರ

ಬಿಡುಗಡೆಯಾದಾಗ ‘ಗ್ರೇಸ್’ಗೆ ಅಮೆರಿಕದಲ್ಲಿ ಸಿಕ್ಕ ಸ್ವಾಗತ ಸಾಧಾರಣ. ವಿಮರ್ಶಕರಲ್ಲಿ ಕೆಲವರು ಹೊಗಳಿದರು, ಕೆಲವರಿಗೆ ಗಾಯನ ಅತಿಯೆನಿಸಿತು. ರೇಡಿಯೋ ಕೇಂದ್ರಗಳಿಗೆ ಅದು ಯಾವ ಕಾರ್ಯಕ್ರಮಕ್ಕೂ ಹೊಂದದ ಸಂಗೀತವಾಗಿತ್ತು. ‘ಲಾಸ್ಟ್ ಗುಡ್‌ಬೈ’ ಸಿಂಗಲ್ 1995ರಲ್ಲಿ ಬಿಲ್‌ಬೋರ್ಡ್‌ನ ಮಾಡರ್ನ್ ರಾಕ್ ಪಟ್ಟಿಯಲ್ಲಿ 19ನೇ ಸ್ಥಾನ ತಲುಪಿತು. ಅಮೆರಿಕದ ಯಾವುದೇ ಪಟ್ಟಿಯಲ್ಲಿ ಬಕ್ಲಿ ಜೀವಂತವಾಗಿದ್ದಾಗ ಕಂಡ ದೊಡ್ಡ ಯಶಸ್ಸೆಂದರೆ ಇಷ್ಟೇ. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ‘ಗ್ರೇಸ್’ 50ನೇ ಸ್ಥಾನಕ್ಕೇರಿತು.

ಈ ಸಂಖ್ಯೆಗಳನ್ನು ಓದುವಾಗ ಪಟ್ಟಿಗಳು ಆಗ ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ಗಮನಿಸಬೇಕು. ಬಿಲ್‌ಬೋರ್ಡ್ 200 ಆಗ ಒಂದು ವಾರದ ಮಾರಾಟದ ಲೆಕ್ಕವಾಗಿತ್ತು. 1991ರಿಂದ ಅಂಗಡಿಗಳ ಗಣಕೀಕೃತ ಮಾರಾಟ ದಾಖಲೆಗಳ ಆಧಾರದ ಮೇಲೆ ಅದನ್ನು ಸಿದ್ಧಪಡಿಸುತ್ತಿದ್ದರು. ಒಂದೇ ವಾರದಲ್ಲಿ ಬಹಳ ಪ್ರತಿಗಳು ಹೋದರೆ ಆಲ್ಬಮ್ ಮೇಲೇರುತ್ತಿತ್ತು. ಅಷ್ಟೇ ಪ್ರತಿಗಳು ಐದು ವರ್ಷಗಳಲ್ಲಿ ಹಂಚಿಹೋದರೆ ಪಟ್ಟಿಗೆ ಅದು ಕಾಣುತ್ತಲೇ ಇರಲಿಲ್ಲ. ಇದಲ್ಲದೆ, ಹಳೆಯದಾಗಿ ಕೆಳಗಿಳಿದ ಆಲ್ಬಮ್‌ಗಳನ್ನು ಮುಖ್ಯ ಪಟ್ಟಿಯಿಂದ ತೆಗೆದು ಪ್ರತ್ಯೇಕ ಕ್ಯಾಟಲಾಗ್ ಪಟ್ಟಿಗೆ ಸೇರಿಸುವ ನಿಯಮ 2009ರವರೆಗೂ ಜಾರಿಯಲ್ಲಿತ್ತು. ಹೀಗಾಗಿ ‘ಗ್ರೇಸ್’ ಕೇಳುಗರಿಂದ ಕೇಳುಗರಿಗೆ ಹಬ್ಬಿ ಹೆಚ್ಚು ಮಾರಾಟವಾದ ವರ್ಷಗಳ ಗುರುತು ಆ ಮುಖ್ಯ ಪಟ್ಟಿಯಲ್ಲಿ ದೊರೆಯುವುದಿಲ್ಲ. 149 ಎಂಬ ಸಂಖ್ಯೆ ನಿಜವಾದರೂ ಆಲ್ಬಮ್‌ನ ಇತಿಹಾಸವನ್ನು ಅದರಿಂದ ಅಳೆಯುವುದು ಸರಿಯಲ್ಲ.

ಅಮೆರಿಕದ ಹೊರಗೆ ಮನ್ನಣೆ ಬೇಗ ಬಂತು. 1995ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಕಾದೆಮಿ ಶಾರ್ಲ್ ಕ್ರೋ ಸಂಸ್ಥೆಯ ಅಂತರರಾಷ್ಟ್ರೀಯ ಧ್ವನಿಮುದ್ರಣ ಪ್ರಶಸ್ತಿ ‘ಗ್ರೇಸ್’ಗೆ ದೊರೆಯಿತು, ಎಡಿತ್ ಪಿಯಾಫ್, ಡಿಲನ್, ಕೋಹೆನ್ ಅವರಿಗೆ ಈ ಹಿಂದೆ ಸಂದಿದ್ದ ಪ್ರಶಸ್ತಿ ಅದು. ಅದೇ ವರ್ಷದ ಜುಲೈನಲ್ಲಿ ಪಿಯಾಫ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ಬಕ್ಲಿ ಎರಡು ರಾತ್ರಿ ಹಾಡಿದರು. ಆಸ್ಟ್ರೇಲಿಯಾದ ಕೇಳುಗರು ಅವರನ್ನು ವಿಶೇಷವಾಗಿ ಹಚ್ಚಿಕೊಂಡರು. ಲೆಡ್ ಜೆಪ್ಲಿನ್‌ನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಅವರು ಅಭಿಮಾನಿಗಳಾದದ್ದು, ಅವರ ಹಾಡುಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ ಯಾವ ಪಟ್ಟಿಯ ಸ್ಥಾನಕ್ಕಿಂತಲೂ ದೊಡ್ಡ ಮಾತಾಗಿತ್ತು. 1994ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ಗ್ಯಾರೇಜ್ ಸಭಾಂಗಣದಲ್ಲಿ ಬಕ್ಲಿ ಹಾಡಿದ್ದನ್ನು ಕೇಳಿದ ರೇಡಿಯೋಹೆಡ್ ತಂಡದವರು ಸ್ಟುಡಿಯೋಗೆ ಮರಳಿ, ತಾವು ಒದ್ದಾಡುತ್ತಿದ್ದ ‘ಫೇಕ್ ಪ್ಲಾಸ್ಟಿಕ್ ಟ್ರೀಸ್’ ಹಾಡನ್ನು ಮುದ್ರಿಸಿದರು.

ಪ್ರಚಾರದ ಇನ್ನೊಂದು ಮುಖ ಅವರಿಗೆ ಸಹ್ಯವಾಗಲಿಲ್ಲ. 1995ರಲ್ಲಿ ‘ಪೀಪಲ್’ ನಿಯತಕಾಲಿಕ ಅವರನ್ನು 50 ಸುಂದರ ವ್ಯಕ್ತಿಗಳ ಪಟ್ಟಿಗೆ ಸೇರಿಸಿತು. ಆಲ್ಬಮ್‌ಗಿಂತ ಮುಖ ಹೆಚ್ಚು ಚರ್ಚೆಯಾಗುವುದು ಅವರಿಗೆ ಮುಜುಗರ ತಂದಿತು.

ಎರಡನೆಯ ಆಲ್ಬಮ್‌ನ ಯತ್ನ

ಸುಮಾರು ಎರಡು ವರ್ಷಗಳ ಪ್ರವಾಸ 1996ರ ಮಾರ್ಚ್ 1ರಂದು ಆಸ್ಟ್ರೇಲಿಯಾದಲ್ಲಿ ಮುಗಿಯಿತು. ಡ್ರಮ್ ವಾದಕ ಜಾನ್ಸನ್ ತಂಡ ಬಿಟ್ಟರು. ಹೊಸ ಆಲ್ಬಮ್‌ಗೆ ‘ಟೆಲಿವಿಷನ್’ ತಂಡದ ಟಾಮ್ ವರ್ಲೇನ್ ಅವರನ್ನು ನಿರ್ಮಾಪಕರನ್ನಾಗಿ ಬಕ್ಲಿ ಆರಿಸಿದರು. 1996ರ ಮಧ್ಯಭಾಗದಿಂದ 1997ರ ಆರಂಭದವರೆಗೆ ನ್ಯೂಯಾರ್ಕ್ ಮತ್ತು ಮೆಂಫಿಸ್‌ಗಳಲ್ಲಿ ನಡೆದ ಧ್ವನಿಮುದ್ರಣಗಳು ಅವರಿಗೆ ತೃಪ್ತಿ ನೀಡಲಿಲ್ಲ. ಮೊದಲ ಆಲ್ಬಮ್ ಮೇಲೆ ಹೂಡಿದ ಹಣ ಸಂಸ್ಥೆಗೆ ನಿರೀಕ್ಷಿಸಿದಂತೆ ಮರಳಿರಲಿಲ್ಲವಾದ್ದರಿಂದ ಎರಡನೆಯದರ ಮೇಲೆ ಒತ್ತಡ ಹೆಚ್ಚಿತ್ತು.

1996ರ ಡಿಸೆಂಬರ್‌ನಲ್ಲಿ ಅವರು ಅಮೆರಿಕದ ಈಶಾನ್ಯ ಭಾಗದ ಸಣ್ಣ ಕೆಫೆಗಳಲ್ಲಿ ಸುಳ್ಳು ಹೆಸರುಗಳಿಂದ ಹಾಡಿದರು. ಪ್ರತಿ ಊರಿನ ಜಾಹೀರಾತಿನಲ್ಲಿ ಬೇರೆ ಬೇರೆ ತಮಾಷೆಯ ಹೆಸರು ಇರುತ್ತಿತ್ತು. ಯಾರೂ ಗುರುತಿಸದ ಕೋಣೆಯಲ್ಲಿ ತಪ್ಪು ಮಾಡುವ ಸ್ವಾತಂತ್ರ್ಯ ಶಿನ್-ಏ ದಿನಗಳೊಂದಿಗೇ ಕಳೆದುಹೋಗಿತ್ತು. ಅದನ್ನು ಹುಡುಕಿ ಹೊರಟ ಪ್ರವಾಸವಿದು.

ಮುಂದಿನ ವರ್ಷದ ಆರಂಭದಲ್ಲಿ ಅವರು ಮೆಂಫಿಸ್‌ನಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದರು. ಬ್ಯಾರಿಸ್ಟರ್ಸ್ ಎಂಬ ಸ್ಥಳೀಯ ಬಾರ್‌ನಲ್ಲಿ ಮತ್ತೆ ಸೋಮವಾರ ರಾತ್ರಿಗಳ ಗಾಯನ ಆರಂಭಿಸಿದರು. ಮನೆಯಲ್ಲಿ ನಾಲ್ಕು ಟ್ರ್ಯಾಕ್‌ಗಳ ಯಂತ್ರದ ಮೇಲೆ ಹೊಸ ಹಾಡುಗಳ ಕರಡುಗಳನ್ನು ಮುದ್ರಿಸಿ ನ್ಯೂಯಾರ್ಕ್‌ನಲ್ಲಿದ್ದ ತಂಡಕ್ಕೆ ಕಳುಹಿಸುತ್ತಿದ್ದರು. ವರ್ಲೇನ್ ಜೊತೆಗಿನ ಮುದ್ರಣಗಳನ್ನು ಬದಿಗಿಟ್ಟು ವಾಲೇಸ್ ಅವರೊಡನೆ ಹೊಸದಾಗಿ ಆರಂಭಿಸುವುದೆಂದು ನಿರ್ಧಾರವಾಗಿತ್ತು.

ಮರಣ

1997ರ ಮೇ 29ರ ಸಂಜೆ ತಂಡದ ಸದಸ್ಯರು ವಿಮಾನದಲ್ಲಿ ಮೆಂಫಿಸ್‌ಗೆ ಬರುವವರಿದ್ದರು. ಆ ವೇಳೆಯಲ್ಲಿ ಬಕ್ಲಿ ತಂಡದ ಸಹಾಯಕರೊಬ್ಬರೊಂದಿಗೆ ಮಿಸಿಸಿಪ್ಪಿ ನದಿಗೆ ಹೊಂದಿಕೊಂಡಿರುವ ವುಲ್ಫ್ ರಿವರ್ ಹಾರ್ಬರ್ ಎಂಬ ಕಾಲುವೆಯ ದಂಡೆಗೆ ಹೋದರು. ತೊಟ್ಟ ಬಟ್ಟೆ, ಬೂಟುಗಳೊಂದಿಗೇ ನೀರಿಗಿಳಿದರು. ಹಿಂದೆಯೂ ಅಲ್ಲಿ ಅವರು ಈಜಿದ್ದರು. ಲೆಡ್ ಜೆಪ್ಲಿನ್‌ನ ‘ಹೋಲ್ ಲಾಟ್ಟಾ ಲವ್’ ಹಾಡನ್ನು ಹಾಡುತ್ತ ನೀರಿನಲ್ಲಿ ಹಿಮ್ಮುಖವಾಗಿ ತೇಲಿದರು. ಒಂದು ಟಗ್ ದೋಣಿ ಹಾದುಹೋಯಿತು. ಅದರ ಅಲೆ ತಾಗದಂತೆ ದಂಡೆಯಲ್ಲಿದ್ದ ರೇಡಿಯೋ ಮತ್ತು ಗಿಟಾರನ್ನು ಸರಿಸಿ ಸಹಾಯಕ ತಿರುಗಿ ನೋಡಿದಾಗ ಬಕ್ಲಿ ಕಾಣಲಿಲ್ಲ.

ರಾತ್ರಿಯಿಡೀ ಹುಡುಕಾಟ ನಡೆದರೂ ಫಲವಾಗಲಿಲ್ಲ. ಜೂನ್ 4ರಂದು ‘ಅಮೆರಿಕನ್ ಕ್ವೀನ್’ ಎಂಬ ಪ್ರವಾಸಿ ಹಡಗಿನಿಂದ ಮೃತದೇಹ ಕಾಣಿಸಿತು. ಶವಪರೀಕ್ಷೆಯಲ್ಲಿ ಮಾದಕ ದ್ರವ್ಯದ ಅಥವಾ ಅಮಲಿನ ಲಕ್ಷಣಗಳು ಸಿಗಲಿಲ್ಲ. ಆಕಸ್ಮಿಕವಾಗಿ ಮುಳುಗಿದ್ದರಿಂದ ಸಾವು ಸಂಭವಿಸಿತೆಂದು ದಾಖಲಾಯಿತು. ತಂದೆಯ ಸಾವಿನ ಕಾರಣದಿಂದ ಹುಟ್ಟಿದ ಊಹೆಗಳು ಇಂದಿಗೂ ಕೇಳಿಬರುತ್ತವೆಯಾದರೂ ಅವುಗಳಿಗೆ ಆಧಾರವಿಲ್ಲ. ತಂದೆಗಿಂತ ಅವರು ಎರಡು ವರ್ಷ ಹೆಚ್ಚು ಬದುಕಿದ್ದರು.

ಮರಣಾನಂತರದ ಬಿಡುಗಡೆಗಳು ಮತ್ತು ಪಟ್ಟಿಗಳು

ಉಳಿದ ಧ್ವನಿಮುದ್ರಣಗಳ ಹೊಣೆ ತಾಯಿ ಮೇರಿ ಗೀಬರ್ಟ್ ಅವರದಾಯಿತು. ವರ್ಲೇನ್ ಜೊತೆ ಮುದ್ರಿಸಿದ ಹಾಡುಗಳನ್ನು ಒಂದು ತಟ್ಟೆಯಲ್ಲೂ ಮೆಂಫಿಸ್ ಮನೆಯ ಕರಡುಗಳನ್ನು ಮುಖ್ಯವಾಗಿ ಇನ್ನೊಂದರಲ್ಲೂ ಇರಿಸಿ, 1998ರ ಮೇ ತಿಂಗಳಿನಲ್ಲಿ ‘ಸ್ಕೆಚಸ್ ಫಾರ್ ಮೈ ಸ್ವೀಟ್‌ಹಾರ್ಟ್ ದ ಡ್ರಂಕ್’ ಎಂಬ ಹೆಸರಿನಲ್ಲಿ ಹೊರತರಲಾಯಿತು. ಬಕ್ಲಿ ಯೋಚಿಸಿದ್ದ ಶೀರ್ಷಿಕೆಗೆ ‘ಸ್ಕೆಚಸ್’ ಎಂಬ ಪದವನ್ನು ಸೇರಿಸಿದ್ದು ಕೆಲಸ ಮುಗಿದಿರಲಿಲ್ಲವೆಂಬುದನ್ನು ಸೂಚಿಸಲು. ಮುಗಿಯದ ಈ ಆಲ್ಬಮ್ ಆಸ್ಟ್ರೇಲಿಯಾದಲ್ಲಿ ಮೊದಲ ಸ್ಥಾನ, ಬ್ರಿಟನ್ನಿನಲ್ಲಿ 7ನೇ ಸ್ಥಾನ, ಅಮೆರಿಕದಲ್ಲಿ 64ನೇ ಸ್ಥಾನ ಪಡೆಯಿತು. ಮೂರು ದೇಶಗಳಲ್ಲೂ, ಬಕ್ಲಿ ಸ್ವತಃ ಒಪ್ಪಿ ಬಿಡುಗಡೆ ಮಾಡಿದ ಆಲ್ಬಮ್ ಬಂದ ಹೊಸತರಲ್ಲಿ ಕಂಡ ಸ್ಥಾನಕ್ಕಿಂತ ಅವರು ಬದಿಗಿಟ್ಟಿದ್ದ ಹಾಡುಗಳು ಮೇಲಕ್ಕೆ ಹೋದವು. ಇದರಲ್ಲಿನ ‘ಎವ್ರಿಬಡಿ ಹಿಯರ್ ವಾಂಟ್ಸ್ ಯು’ ಹಾಡಿಗೆ ಗ್ರ್ಯಾಮಿ ನಾಮನಿರ್ದೇಶನವೂ ದೊರೆಯಿತು.

‘ಗ್ರೇಸ್’ ಅಮೆರಿಕದಲ್ಲಿ 5 ಲಕ್ಷ ಪ್ರತಿಗಳ ಗೋಲ್ಡ್ ಪ್ರಮಾಣಪತ್ರವನ್ನು 2002ರಲ್ಲಿ, 10 ಲಕ್ಷದ ಪ್ಲಾಟಿನಮ್ ಪ್ರಮಾಣಪತ್ರವನ್ನು 2016ರಲ್ಲಿ ಪಡೆಯಿತು. ಆಸ್ಟ್ರೇಲಿಯಾದಲ್ಲಿ ಅದು ಹಲವು ಬಾರಿ ಪ್ಲಾಟಿನಮ್ ಆಗಿದೆ. ಅಲ್ಲಿನ ಟ್ರಿಪಲ್ ಜೆ ರೇಡಿಯೋ 2009ರಲ್ಲಿ ನಡೆಸಿದ ಸಾರ್ವಕಾಲಿಕ ಹಾಡುಗಳ ಮತದಾನದಲ್ಲಿ ಕೇಳುಗರು ‘ಹ್ಯಾಲೆಲೂಯ’ವನ್ನು 3ನೇ, ‘ಲಾಸ್ಟ್ ಗುಡ್‌ಬೈ’ಯನ್ನು 7ನೇ ಸ್ಥಾನಕ್ಕೆ ಆರಿಸಿದರು. ‘ರೋಲಿಂಗ್ ಸ್ಟೋನ್’ ನಿಯತಕಾಲಿಕದ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ 2003ರಲ್ಲಿ 303ನೆಯದಾಗಿದ್ದ ‘ಗ್ರೇಸ್’, 2020ರಲ್ಲಿ 147ಕ್ಕೆ ಏರಿತು.

‘ಹ್ಯಾಲೆಲೂಯ’ದ ಏರಿಕೆಗೆ ಕಾರಣವಾದದ್ದು ಬಕ್ಲಿ ಎಂದೂ ಊಹಿಸಿರಲಾರದ ಮಾಧ್ಯಮ. 2008ರ ಮಾರ್ಚ್‌ನಲ್ಲಿ ‘ಅಮೆರಿಕನ್ ಐಡಲ್’ ದೂರದರ್ಶನ ಸ್ಪರ್ಧೆಯಲ್ಲಿ ಜೇಸನ್ ಕ್ಯಾಸ್ಟ್ರೊ ಎಂಬ ಸ್ಪರ್ಧಿ ಬಕ್ಲಿಯ ರೂಪವನ್ನು ಅನುಸರಿಸಿ ಈ ಹಾಡನ್ನು ಹಾಡಿದರು. ನೋಡಿದವರು ಮೂಲವನ್ನು ಹುಡುಕಿಕೊಂಡು ಹೋದರು. ಆ ವಾರ ಬಕ್ಲಿಯ ಹಾಡು ಬಿಲ್‌ಬೋರ್ಡ್‌ನ ಡಿಜಿಟಲ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಅದೇ ವರ್ಷ ಬ್ರಿಟನ್ನಿನ ‘ಎಕ್ಸ್ ಫ್ಯಾಕ್ಟರ್’ ಸ್ಪರ್ಧೆಯಲ್ಲಿ ಗೆದ್ದ ಅಲೆಕ್ಸಾಂಡ್ರಾ ಬರ್ಕ್ ಅವರ ಮೊದಲ ಸಿಂಗಲ್ ಕೂಡ ‘ಹ್ಯಾಲೆಲೂಯ’ವೇ ಆಯಿತು. ಇದಕ್ಕೆ ಪ್ರತಿಯಾಗಿ ಬಕ್ಲಿಯ ರೂಪವನ್ನು ಖರೀದಿಸುವ ಅಭಿಯಾನವನ್ನು ಅಭಿಮಾನಿಗಳು ಅಂತರ್ಜಾಲದಲ್ಲಿ ನಡೆಸಿದರು. ಅಂಗಡಿಯಲ್ಲಿ ತಟ್ಟೆಯಾಗಿ ಸಿಗದಿದ್ದರೂ ಡೌನ್‌ಲೋಡ್‌ಗಳನ್ನು ಪಟ್ಟಿಗೆ ಲೆಕ್ಕ ಹಿಡಿಯುವ ನಿಯಮ ಬ್ರಿಟನ್ನಿನಲ್ಲಿ 2007ರಿಂದ ಬಂದಿದ್ದುದರಿಂದಲೇ ಇದು ಸಾಧ್ಯವಾಯಿತು. ಕ್ರಿಸ್‌ಮಸ್ ವಾರದ ಪಟ್ಟಿಯಲ್ಲಿ ಬರ್ಕ್ ಮೊದಲನೆಯವರಾದರು, ಬಕ್ಲಿ ಎರಡನೆಯವರು. ಹಾಡು ಬರೆದ ಕೋಹೆನ್ ಅವರ ಮೂಲ ಮುದ್ರಣ 36ನೇ ಸ್ಥಾನದಲ್ಲಿತ್ತು. ಒಂದೇ ಹಾಡಿನ ಎರಡು ರೂಪಗಳು ಬ್ರಿಟಿಷ್ ಪಟ್ಟಿಯ ಮೊದಲ ಎರಡು ಸ್ಥಾನಗಳನ್ನು ಹಿಡಿದದ್ದು 51 ವರ್ಷಗಳಲ್ಲಿ ಅದೇ ಮೊದಲು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2014ರಲ್ಲಿ ಪ್ರಕಟಿಸಿದ ಆಯ್ಕೆಯಲ್ಲಿ, ಶಾಶ್ವತವಾಗಿ ಸಂರಕ್ಷಿಸಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ದಾಖಲೆಗೆ ಬಕ್ಲಿಯ ‘ಹ್ಯಾಲೆಲೂಯ’ವನ್ನು ಸೇರಿಸಿತು.

ಬಕ್ಲಿಯ ಜೀವನವನ್ನು ಕುರಿತ ಕೃತಿಗಳಲ್ಲಿ ಡೇವಿಡ್ ಬ್ರೌನ್ ಅವರು ತಂದೆ-ಮಗ ಇಬ್ಬರ ಕಥೆಯನ್ನೂ ಹೆಣೆದು ಬರೆದ ‘ಡ್ರೀಮ್ ಬ್ರದರ್’ (2001) ಮುಖ್ಯವಾದುದು. 1991ರ ಬ್ರೂಕ್ಲಿನ್ ಕಾರ್ಯಕ್ರಮವನ್ನು ಆಧರಿಸಿದ ‘ಗ್ರೀಟಿಂಗ್ಸ್ ಫ್ರಮ್ ಟಿಮ್ ಬಕ್ಲಿ’ ಚಲನಚಿತ್ರ 2012ರಲ್ಲಿ ತೆರೆಕಂಡಿತು. ಏಮಿ ಬರ್ಗ್ ನಿರ್ದೇಶನದ ಸಾಕ್ಷ್ಯಚಿತ್ರ ‘ಇಟ್ಸ್ ನೆವರ್ ಓವರ್, ಜೆಫ್ ಬಕ್ಲಿ’ 2025ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು.